ಚಾ ಕುಡಿಯದ ತಬಲಾ

ಹನ್ನೆರಡು ವರ್ಷ ಮಕ್ತುಮ್‌ಸಾಬರ ತಬಲಾದ ಪಕ್ಕ ಕೂತು ಹಾಡಿದ ಮೇಲೆ, ಮಸ್ಕಿಯ ಗುಮಾಸ್ತ ಶಿವಪ್ರಸಾದನಿಗೆ ಒಂದು ಸತ್ಯ ಹೊಳೆಯಿತು: ತನಗೆ ಹೆಸರು ಬರದಿರಲು ಕಾರಣ ಚಾ. ಶುಂಠಿ ಚಾ ಬರುವ ತನಕ ಸಾಬರು ಶ್ರುತಿ ಮಾಡುವ ಸುತ್ತಿಗೆಯನ್ನೇ ಮುಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಿದ್ದರು.

ಹೀಗಾಗಿ ಅವನು ಲ್ಯಾಪ್‌ಟಾಪಿಗೆ ಒಂದು ಸಂಗೀತದ ಸಾಫ್ಟ್‌ವೇರ್ ಹಾಕಿಸಿದ. ಬಲ್ಲವರು ನುಡಿಸಿದ ತಬಲಾ, ಹಾರ್ಮೋನಿಯಂ, ತಾಳಗಳನ್ನು ಒಂದೊಂದು ಪೆಟ್ಟು, ಒಂದೊಂದು ಸ್ವರವಾಗಿ ಧ್ವನಿಮುದ್ರಿಸಿ ಅದರಲ್ಲಿ ತುಂಬಿದ್ದರು. ಬೇಕಾದ್ದನ್ನು ಆರಿಸಿ ಹಾಡಿನ ಉದ್ದಕ್ಕೆ ಜೋಡಿಸಿದರೆ ಇಡೀ ಮೇಳ ತಯಾರು. ತಬಲಾದ ಜೋಡಿ ಡಗ್ಗಾದ ಸದ್ದಿಗೆ ಪಕ್ಕದ ಮನೆಯ ಬಸ್ಸಮ್ಮ ಒಳಗೆ ಬಂದು ಮಂಚದ ಕೆಳಗೂ ಬಗ್ಗಿ ನೋಡಿದಳು.

“ಬಾರ್ಸಾಕತ್ತವ್ರು ಎಲ್ಲಿ ಕುಂತಾರೋ ಶಿವೂ?”

“ಇದ್ರಾಗ ಅದಾರ ಅತ್ತಿ.”

“ಪಾಪ, ಉಂಡಾರೇನು?”

“ಇವ್ರಿಗೆ ಊಟನೂ ಬ್ಯಾಡ, ಚಾನೂ ಬ್ಯಾಡ!”

ಅಂದು ಮಧ್ಯಾಹ್ನ ಸಿಂಧನೂರಿನಲ್ಲಿ ನರಸಣ್ಣ ಮೇಷ್ಟ್ರ ನಿವೃತ್ತಿ ಸಮಾರಂಭದಲ್ಲಿ ಅವನು ಹಾಡಬೇಕಿತ್ತು. ತುರ್ವಿಹಾಳದಲ್ಲಿ ಹಾಡಿಕೆ ಏರ್ಪಡಿಸುವ ಪಂಪಣ್ಣನವರೂ ಬರುವವರಿದ್ದರು. ಅವರು ಮೆಚ್ಚಿದರೆ ಮುಂದಿನ ವಾರ ಅಲ್ಲಿನ ದೊಡ್ಡ ಹಾಡಿಕೆ ತನ್ನದೇ ಎಂದುಕೊಂಡ ಶಿವಪ್ರಸಾದ, ಸಾಬರಿಗೆ ಹೇಳದೆಯೇ ಲ್ಯಾಪ್‌ಟಾಪ್ ಹಿಡಿದು ಬಸ್ ಹತ್ತಿದ. ಹೋಗಿ ನೋಡಿದರೆ, ಮೇಷ್ಟ್ರು ಊಟಕ್ಕೆ ಕರೆದಿದ್ದ ಮಕ್ತುಮ್‌ಸಾಬರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ!

“ನನ್ನ ಬಿಟ್ಟು ಬಂದಿಯಲ್ಲಪ. ಇರ್ಲಿ, ಆ ಡಬ್ಬಿ ಹೆಂಗ ಬಾರಿಸ್ತದ ನೋಡೇಬಿಡಾನ,” ಎಂದರು ಸಾಬರು, ಲ್ಯಾಪ್‌ಟಾಪಿನತ್ತ ನೋಡಿ. ಆ ದನಿಯಲ್ಲಿ ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು. ಶಿವಪ್ರಸಾದನಿಗೆ ನಾಚಿಕೆಯಾಯಿತು.

ತತ್ವಪದ ಶುರುವಾಯಿತು. ಜನ ತಲೆದೂಗಿದರು. ಎರಡನೇ ನುಡಿಗೆ ಯಾರೋ “ವನ್ಸ್ ಮೋರ್!” ಎಂದರು. ಶಿವಪ್ರಸಾದ ಹಿಗ್ಗಿ ಅದೇ ನುಡಿಗೆ ಮರಳಿದ, ಡಬ್ಬಿ ಮರಳಲಿಲ್ಲ. ಸಾಬರಿಗಾದರೆ ಒಂದು ಕಣ್ಸನ್ನೆ ಸಾಕಿತ್ತು. ಇದು ಮೂರನೇ ನುಡಿಗೆ ನಡೆದುಬಿಟ್ಟಿತು. ಏದುಸಿರು ಬಿಡುತ್ತ ಅದನ್ನು ಹಿಡಿಯುವಷ್ಟರಲ್ಲಿ ಮೇಷ್ಟ್ರ ಬೀಗರು ಶಾಲು, ಮಾಲೆ ಹಿಡಿದು ವೇದಿಕೆ ಹತ್ತಿದರು. ಹಾಡಿನ ನಡುವೆಯೇ ಹಾಡುವವನಿಗೆ ಶಾಲು ಹೊದಿಸುವುದು ಈ ಕಡೆಯ ಮರ್ಯಾದೆ. ಅವನು ಬಗ್ಗಿದ. ಶಾಲು ಕಣ್ಣಿನ ಮೇಲೆ ಜಾರಿತು, ಮಾಲೆ ಮೈಕಿಗೆ ಸಿಕ್ಕಿಕೊಂಡಿತು. ಡಬ್ಬಿ ಮಾತ್ರ ಕೈ ಅಡ್ಡ ಹಿಡಿದರೂ ನಿಲ್ಲದ ಬಸ್ಸಿನಂತೆ ಮುಂದೆ ಹೋಯಿತು.

ಅಷ್ಟರಲ್ಲಿ ಹಾಡು ಕೇಳಿಸಿತು. ಶಾಲು ಸರಿಸಿ ನೋಡಿದರೆ, ಮೈಕಿನ ಮುಂದೆ ಮಕ್ತುಮ್‌ಸಾಬರು! ಹನ್ನೆರಡು ವರ್ಷ ಕೇಳಿದ ಪದ, ಬಾಯಿಪಾಠವಾಗಿತ್ತು. ಕೈಗೆ ಕೆಲಸವಿಲ್ಲದ್ದಕ್ಕೆ ಗಂಟಲು ಬಿಚ್ಚಿದ್ದರು. ಅದೆಂಥ ಗಂಟಲು! ಶಿವಪ್ರಸಾದನ ಹೊಟ್ಟೆ ಉರಿಯಿತು.

“ವನ್ಸ್ ಮೋರ್!” ಇಡೀ ಸಭೆ ಕೂಗಿತು.

“ಶಿವೂ, ಹಿಂದಕ ಹೊಳ್ಳಸು!” ಎಂದರು ಸಾಬರು. ಅವನು ಬಿದ್ದೆದ್ದು ಹೋಗಿ ಹಾಡನ್ನು ಹಿಂದಕ್ಕೆ ಸರಿಸಿದ.

ಮುಗಿದ ಕೂಡಲೇ ಪಂಪಣ್ಣನವರು ಓಡಿಬಂದರು. ಶಿವಪ್ರಸಾದ ಶಾಲು ಸರಿಮಾಡಿಕೊಂಡ.

“ಸಾಬ್ರ, ಮುಂದಿನ ವಾರ ತುರ್ವಿಹಾಳದಾಗ ನೀವ ಹಾಡ್ಬೇಕ್ರಿ!” ಎಂದ ಅವರು ಇವನತ್ತ ತಿರುಗಿದರು. “ಗುಂಡಿ ಒತ್ತಾಕ ನೀನೂ ಬಾ ತಮ್ಮಾ.”

“ಟೈಮಿಗೆ ಬಾ ಮತ್ತ,” ಎಂದರು ಸಾಬರು.

ಮುಂದಿನ ವಾರ ತುರ್ವಿಹಾಳದಲ್ಲಿ ಕಿಕ್ಕಿರಿದ ಜನ. ಸಾಬರು ಮೈಕ್ ಹಿಡಿದು ಕಣ್ಸನ್ನೆ ಮಾಡಿದರು. ಶಿವಪ್ರಸಾದ ಲ್ಯಾಪ್‌ಟಾಪ್ ಮುಟ್ಟಲಿಲ್ಲ.

“ಮೊದ್ಲು ಚಾ ತರಸ್ರಿ,” ಎಂದ. “ಶುಂಠಿ ಹಾಕಿದ್ದು.”