ಕಾಫಿ ಕಣದಲ್ಲಿ ನನ್ನ ಪಾಲಿನ ಬಿಸಿಲು

ಕಾಫಿ ತೋಟದ ಮನೆಗೆ ಸೊಸೆಯಾಗಿ ಬರುವವರಿಗೆ ಯಾರಾದರೂ ಮೊದಲೇ ಒಂದು ಮಾತು ಹೇಳಿಡಬೇಕು: ಇಲ್ಲಿ ನೆರಳು ಬೇಕಾದಷ್ಟು ಸಿಗುತ್ತದೆ, ಬಿಸಿಲನ್ನು ಮಾತ್ರ ಕೇಳಿ ಪಡೆಯಬೇಕು. ನನಗೆ ಯಾರೂ ಹೇಳಲಿಲ್ಲ. ಮಲ್ಲಂದೂರಿನ ಈ ಮನೆಯಲ್ಲಿ ಕೂದಲು ನರೆತು, ಸೊಂಟ ಹಿಡಿದುಕೊಂಡು ನಡೆಯುವ ಹಾಗಾದ ಮೇಲೆ ಅದು ತಾನಾಗಿಯೇ ತಿಳಿಯಿತು.

ನೋವು ಶುರುವಾದಾಗ ನಾನೇನು ಸುಮ್ಮನೆ ಕೂರಲಿಲ್ಲ. ನಮ್ಮ ಕಡೆ ಒಬ್ಬರಿಗೆ ನೋವು ಬಂತೆಂದರೆ ನೆಂಟರಿಷ್ಟರೆಲ್ಲ ಡಾಕ್ಟರಾಗಿಬಿಡುತ್ತಾರೆ. ಮೆಡಿಕಲ್ ಶಾಪಿನವನು ಮೀನೆಣ್ಣೆ ಮಾತ್ರೆಯ ಡಬ್ಬಿ ಕೊಟ್ಟ. ನುಂಗಲು ಸುಲಭ, ಆದರೆ ಆಮೇಲೆ ತೇಗಿದಾಗಲೆಲ್ಲ ಬಂಗುಡೆ ನೆನಪಾಗುತ್ತಿತ್ತು. ವಾರಕ್ಕೆರಡು ಸಲ ಮೀನು ಸಾರು ಇಲ್ಲದಿದ್ದರೆ ಮುಖ ಊದಿಸಿಕೊಳ್ಳುವ ನಮ್ಮ ಯಜಮಾನರು, ನಾನು ತೇಗಿದ ಕೂಡಲೇ ಮೂಗು ಮುಚ್ಚಿಕೊಂಡು ಜಗಲಿಗೆ ಎದ್ದು ಹೋಗುತ್ತಿದ್ದರು. ಕಳಸದಲ್ಲಿರುವ ನಾದಿನಿ ಫೋನ್ ಮಾಡಿ, ಅದನ್ನು ಬಿಟ್ಟು ಅಗಸೆ ಎಣ್ಣೆ ಕುಡಿಯಿರಿ ಅತ್ತಿಗೆ ಎಂದಳು. ಅದನ್ನೂ ತರಿಸಿದೆ. ನಮ್ಮವರು ಗೊತ್ತಿಲ್ಲದೆ ಅದರಲ್ಲಿ ಮೊಟ್ಟೆ ಹುರಿದುಕೊಂಡು, ಅದರ ವಾಸನೆಗೆ, ಮೊಟ್ಟೆಗೆ ಯಾರು ಪೇಂಟ್ ಹೊಡೆದರು ಎಂದು ಇಡೀ ದಿನ ಗೊಣಗಿದರು. ಕೊನೆಗೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಚಿಕ್ಕಮಗಳೂರಿನ ಡಾಕ್ಟರ ಹತ್ತಿರ ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ನನಗೆ ವಿಟಮಿನ್ ಡಿ ತೀರಾ ಕಡಿಮೆಯಿದೆ, ಈ ಎಣ್ಣೆಗಳಿಂದ ಅದು ತುಂಬುವುದಿಲ್ಲ ಎಂದರು. ವಾರಕ್ಕೊಮ್ಮೆ ಹಾಲಿಗೆ ಹಾಕಿ ಕುಡಿಯುವ ಪುಡಿ ಬರೆದುಕೊಟ್ಟು, ಮಧ್ಯಾಹ್ನ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗಲಿ ಎಂದರು. ಹೊರಡುವಾಗ ಕರೆದು, "ಬಿದ್ದುಗಿದ್ದು ಮಾಡ್ಕೋಬೇಡಿ ಅಮ್ಮಾ, ನಿಮ್ಮ ಮೂಳೆ ತಡೆಯಲ್ಲ" ಎಂದು ಎಚ್ಚರಿಸಿದರು.

ಪುಡಿಯೇನೋ ಸಿಕ್ಕಿತು. ಬಿಸಿಲನ್ನು ಎಲ್ಲಿಂದ ತರಲಿ? ನಮ್ಮ ಮನೆಯ ಸುತ್ತ ಸಿಲ್ವರ್ ಓಕ್, ಹಲಸು, ಅತ್ತಿ, ಎಲ್ಲವೂ ಮುಗಿಲಿಗೆ ಮುಟ್ಟಿಕೊಂಡಿವೆ. ನೆಟ್ಟಗೆ ಬಿಸಿಲು ಬೀಳುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಕೊಯ್ಲಿನ ಕಾಲದಲ್ಲಿ ಅಲ್ಲಿ ತೊಳೆದ ಕಾಫಿ ಬೀಜ ಹರಡಿರುತ್ತದೆ, ನಮ್ಮವರ ಬಾಯಲ್ಲಿ ಪಾರ್ಚ್‌ಮೆಂಟ್. ಅದಕ್ಕೆ ನಡೆಯುವ ಉಪಚಾರವನ್ನು ನೀವು ನೋಡಬೇಕು. ಆಗಾಗ ಮಗ್ಗುಲು ಬದಲಿಸುತ್ತಾರೆ, ಒಂದೊಂದು ಬೀಜ ಹಲ್ಲಿನಲ್ಲಿ ಕಚ್ಚಿ ಹದ ನೋಡುತ್ತಾರೆ, ಸಂಜೆಯಾದರೆ ಮಗುವಿಗೆ ಹೊದಿಸುವ ಹಾಗೆ ಟಾರ್ಪಾಲು ಹೊದಿಸುತ್ತಾರೆ. ನನ್ನ ಸೊಂಟ ಯಾವ ಕಡೆ ನೋಯುತ್ತದೆಂದು ಕೇಳಿದರೆ ಮಾತ್ರ ಅವರಿಗೆ ಗೊತ್ತಿಲ್ಲ. ಕಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡೆ. "ಸ್ವಲ್ಪ ಆಚೆ ಕೂತ್ಕೋ ಮಾರಾಯ್ತಿ, ನಿನ್ನ ನೆರಳು ಬೀಜದ ಮೇಲೆ ಬೀಳ್ತದೆ" ಎಂದರು. ಆಚೆ ಆಚೆ ಸರಿಯುತ್ತ ಕಡೆಗೆ ಮೂಲೆಯ ಓಕ್ ಮರದ ನೆರಳಿಗೇ ಬಂದು ಕೂತೆ.

ಪ್ರತಿ ವರ್ಷ ನಮ್ಮಲ್ಲಿ ಮರಗಸಿ ಮಾಡಿಸುತ್ತಾರೆ, ಎಂದರೆ ಮರದ ಕೊಂಬೆ ಸವರಿ ಕಾಫಿ ಗಿಡಕ್ಕೆ ಬೆಳಕು ಬಿಡುವುದು. ಒಂದು ದಿನ ಊಟಕ್ಕೆ ಬಡಿಸುತ್ತ, "ಗಿಡಕ್ಕೆ ಬಿಸಿಲು ಸಾಲ್ದು ಅಂತ ತೋಟಕ್ಕೆಲ್ಲ ಮರಗಸಿ ಮಾಡಿಸ್ತೀರಿ. ನನಗೋಸ್ಕರ ಆ ಓಕಿನ ಎರಡು ಕೊಂಬೆ ತೆಗೆಸಿ" ಎಂದೆ. ಅದರ ಮೇಲೆ ಮೆಣಸಿನ ಬಳ್ಳಿ ಇದೆಯಲ್ಲ, ನಿನಗೆ ಹೇಗೂ ಪುಡಿ ಇದೆಯಲ್ಲ ಎಂದು ಅವರು ಸಾರಿಗೆ ಕೈ ಚಾಚಿದರು. ಸಾರು ಬಡಿಸಿದೆ. ಕೆಲವು ದಿನದಲ್ಲಿ ಆ ಮರದ ನೆರಳಿಗೆ ಕಣದ ಮೂಲೆಯ ಕಾಫಿ ಸರಿಯಾಗಿ ಒಣಗುತ್ತಿಲ್ಲವೆಂದು ಅವರಿಗೆ ಕಂಡಿತು. ಮರುದಿನ ಬೆಳಿಗ್ಗೆಯೇ ಮರದ ಮೇಲೆ ಆಳು. ಬಳ್ಳಿಯ ಮಾತೇ ಇಲ್ಲ. ನೋಡು, ನಿನಗೂ ಬಿಸಿಲಾಯ್ತಲ್ಲ ಎಂದು ಉಪಕಾರ ಬೇರೆ ಹೊರಿಸಿದರು.

ಮೊನ್ನೆ ಅವರು ನಾದಿನಿಯ ಮನೆಯ ಗೃಹಪ್ರವೇಶಕ್ಕೆಂದು ಕಳಸಕ್ಕೆ ಹೋಗಿದ್ದರು. ಆಳುಗಳೆಲ್ಲ ಕೆಳಗಿನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದರು. ನಾನು ಕುರ್ಚಿಯನ್ನು ಕಣದ ನಟ್ಟನಡುವೆ ಎಳೆದುಕೊಂಡು, ಸೀರೆ ಮೊಣಕಾಲಿಗೆ ಏರಿಸಿ ಕೂತೆ. ನನ್ನ ನೆರಳು ದಪ್ಪಗೆ ಕಾಫಿಯ ಮೇಲೆ ಬಿದ್ದಿತ್ತು. ಬೀಳಲಿ ಎಂದು ಬಿಟ್ಟೆ. ಅಷ್ಟು ಸುಖ ನಾನು ಉಂಡು ಎಷ್ಟೋ ಕಾಲವಾಗಿತ್ತು. ಕಣ್ಣು ಮುಚ್ಚಿದ್ದೇ ತಡ, ಮೂಗಿನ ಮೇಲೆ ಒಂದು ಹನಿ ಬಿತ್ತು. ಕಾಲವಲ್ಲದ ಕಾಲದಲ್ಲಿ ಗಿರಿಯ ಕಡೆಯಿಂದ ಮೋಡ ಕವಿದಿತ್ತು. ಡಾಕ್ಟರೂ ನೆನಪಾಗಲಿಲ್ಲ, ಸೊಂಟವೂ ನೆನಪಾಗಲಿಲ್ಲ. ಓಡಿಹೋಗಿ ಟಾರ್ಪಾಲು ಎಳೆದೆ, ಮೂಲೆ ಮೂಲೆಗೆ ಕಲ್ಲು ಹೇರಿದೆ. ಕೊನೆಯ ಕಲ್ಲಿಡುವಾಗ ಒದ್ದೆಯಾದ ಕಣದಂಚಿನಲ್ಲಿ ಕಾಲು ಜಾರಿ, ಬಲಗೈ ಊರಿಕೊಂಡು ಬಿದ್ದೆ.

ಅಷ್ಟರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನ್ ಬಡಿದುಕೊಂಡಿತು, ಕಳಸದಿಂದ ನಮ್ಮವರು. ಬಲಗೈ ಮೇಲೇಳಲಿಲ್ಲ, ಎಡಗೈಯಲ್ಲಿ ಎತ್ತಿದೆ.

"ಅಲ್ಲಿ ಮಳೆಯಂತೆ. ನೀನು ಹುಷಾರಿದ್ದೀಯಾ?" ಎಂದರು.

"ಕಾಫಿ ಒಂದು ಬೀಜಾನೂ ನೆನೀಲಿಲ್ಲ ಕಣ್ರೀ, ಎಲ್ಲ ಮುಚ್ಚಿದೀನಿ" ಎಂದೆ.

"ಹಾಗಾದ್ರೆ ಸರಿ" ಎಂದು ಫೋನ್ ಇಟ್ಟರು.

ಅವರು ಕೇಳಿದ್ದು ಕಾಫಿಯನ್ನಲ್ಲ ಎಂಬುದು ನನ್ನ ತಲೆಗೆ ಹೋದದ್ದು ಆಮೇಲೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನನ್ನನ್ನು ವಿಚಾರಿಸಿದ್ದರು, ಅದನ್ನೂ ನಾನೇ ತೆಗೆದು ಕಾಫಿಗೆ ಕೊಟ್ಟಿದ್ದೆ.