ಹುಚ್ಚೆಳ್ಳು ಬ್ಯಾಂಡಿನ ಡಿವಿಡಿ

ನಮ್ಮ ಸೋದರಮಾವ ಸಂಗೀತದ ಟೂರ್ ಮಾಡಿ ಬಂದವರು. ಎಲ್ಲಿಗೆ ಅಂತೀರಾ? ಉಡಿಗಾಲ, ಸಂತೆಮರಹಳ್ಳಿ, ಬದನಗುಪ್ಪೆ! ಗುಂಡ್ಲುಪೇಟೆಯಿಂದ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದಾದ ಇದಕ್ಕೆ ಟೂರ್ ಅನ್ನುತ್ತಾರೆಯೇ ಎಂದು ಯಾರಾದರೂ ನಕ್ಕರೆ ಮಾವ ಕೂದಲನ್ನು ಹಿಂದಕ್ಕೆ ತಳ್ಳಿಕೊಳ್ಳುತ್ತಾರೆ. ಈಗ ತಳ್ಳಲು ಕೂದಲೇನೂ ಉಳಿದಿಲ್ಲ, ಅಭ್ಯಾಸ ಮಾತ್ರ ಉಳಿದಿದೆ.

ಅವರ ಕಸುಬು ಪಂಪ್‌ಸೆಟ್ ರಿಪೇರಿ, ಪ್ರಾಣ ರಾಕ್ ಸಂಗೀತ. ಗೆಳೆಯರನ್ನು ಸೇರಿಸಿ ಕಟ್ಟಿದ ಬ್ಯಾಂಡಿಗೆ ‘ಹುಚ್ಚೆಳ್ಳು’ ಎಂದು ಹೆಸರಿಟ್ಟರು. ಅದರಲ್ಲಿ ಹುಚ್ಚು ಎದ್ದು ಕಾಣುತ್ತದೆ, ಎಳ್ಳನ್ನು ನಾವಿನ್ನೂ ಹುಡುಕುತ್ತಿದ್ದೇವೆ. ಹೋದಲ್ಲೆಲ್ಲ ವಿಡಿಯೋ ತೆಗೆದವರು ನಮ್ಮ ಅತ್ತೆ. ಕ್ಯಾಮೆರಾ ಹಿಡಿದವರು ಸುಮ್ಮನಿರಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಕೇಳುವವರಲ್ಲ.

ಬದನಗುಪ್ಪೆಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯೊಂದರ ಗೇಟಿನೆದುರು ಬಾರಿಸತೊಡಗಿದರು. ಮಾವ ಕಣ್ಣು ಮುಚ್ಚಿ ಕಿರುಚಿದ್ದು ಕೇಳಿ, ಮುಷ್ಕರವೆಂದು ತಿಳಿದ ಕಾರ್ಮಿಕರು ಕೈಯೆತ್ತಿ “ಬೇಕೇ ಬೇಕು!” ಎಂದು ಕೂಗಿದರು. ಮಾವ ಹಿಗ್ಗಿ ಇನ್ನೆರಡು ಹಾಡಿದರು!

ಉಡಿಗಾಲದ ಚೆಂಡುಹೂವಿನ ಹೊಲದಲ್ಲಿ ಮ್ಯೂಸಿಕ್ ವಿಡಿಯೋ. “ಯಾರ್ಲಾ ಅದು, ಊವೆಲ್ಲ ತುಳ್ದಾಕ್ಬುಟ್ರಲ್ಲ!” ಎಂದು ಹೊಲದವನು ದೊಣ್ಣೆ ಹಿಡಿದು ಬಂದ. ಬ್ಯಾಂಡಿಗೆ ಬ್ಯಾಂಡೇ ಓಡಿತು. ಆ ಓಟವನ್ನೇ ಮಾವ ನೃತ್ಯವೆಂದು ಹಾಡಿಗೆ ಜೋಡಿಸಿದ್ದಾರೆ. ಹೊಲದವನ ತಾಳಜ್ಞಾನದ ಬಗ್ಗೆ ಮೆಚ್ಚುಗೆ ಬೇರೆ!

ಕಳೆದ ವರ್ಷ ಅತ್ತೆಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಬೀದಿಯ ತುದಿಗೆ ಕೇಳುವಂತೆ ಗಂಡನನ್ನು ಕರೆಯುತ್ತಿದ್ದಾಕೆ ಈಗ ಚಪ್ಪಾಳೆ ತಟ್ಟಿ ಕರೆಯುತ್ತಾರೆ. ಮಾವ ಬಹಳ ದಿನ ಗಿಟಾರ್ ಮುಟ್ಟಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ, ಟೂರಿನ ಡಿವಿಡಿ ಬಿಡುಗಡೆ ಮಾಡುತ್ತೇನೆಂದರು.

“ಈಗ ಯಾರ ಮನೆಯಲ್ಲಿ ಡಿವಿಡಿ ಪ್ಲೇಯರ್ ಇದೆ ಮಾವ? ಮೊಬೈಲಿಗೆ ಹಾಕಿ,” ಎಂದೆ.

“ಮೊಬೈಲು ನೀರಿಗೆ ಬಿದ್ರೆ ಎಲ್ಲ ಓಯ್ತದೆ ಕಣ್ಲಾ. ಇದಾದ್ರೆ ಬೀರುಲಿಟ್ಟು ಬೀಗ ಆಕಬೋದು.”

ಹಾಡನ್ನು ಬಿಡುಗಡೆ ಮಾಡಿ ಬೀಗ ಹಾಕುವ ಕಲಾವಿದರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಚಾಮರಾಜನಗರದ ಸ್ಟುಡಿಯೋದವನು ಎಡಿಟ್ ಮಾಡಲು ಕೂತು ತಲೆ ಕೆರೆದುಕೊಂಡ. “ಸಾರ್, ಆಡಿನ್ ಮಧ್ಯ ಅಕ್ಕ ಬೈಯೋದು ಕೇಳ್ತದೆ. ತಗ್ದುಬುಡ್ಲಾ?”

“ಬ್ಯಾಡ ಕಣಪ್ಪ. ಅದು ಸರ್ಯಾಗಿ ಕೇಳ್ದಿದ್ರೆ ನನ್ ಗಿಟಾರ್ ಸಣ್ಣ ಮಾಡು.”

ಭಾನುವಾರ ಮಧ್ಯಾಹ್ನ ಮಾವನ ಮನೆಯಲ್ಲೇ ಬಿಡುಗಡೆ. ಯಾರ ಮನೆಯ ಅಟ್ಟದಿಂದಲೋ ಇಳಿಸಿ ತಂದ ಪ್ಲೇಯರ್ ಎರಡು ಏಟು ತಿಂದ ಮೇಲೆ ಓಡಿತು. ಪರದೆಯ ಮೇಲೆ ಸಂತೆಮರಹಳ್ಳಿಯ ಬಸ್ ಸ್ಟಾಪು. ಮಾವ ಮಂಡಿಯೂರಿ ಗಿಟಾರ್ ಬಾರಿಸುತ್ತಿದ್ದಾರೆ. ಕ್ಯಾಮೆರಾದ ಹಿಂದಿನಿಂದ ಅತ್ತೆಯ ದನಿ ಗಣಗಣ ಬಂತು:

“ಸಾಕು ಏಳ್ರೀ! ಆಮೇಲ್ ಮಂಡಿ ನೋವು ಅಂತ ನನ್ ಪ್ರಾಣ ತಿಂತೀರ. ಬನ್ನಿ, ಊಟಕ್ಕೋಗನ!”

ನಾವೆಲ್ಲ ನಕ್ಕೆವು. ನಕ್ಕ ಮೇಲೆ ಅತ್ತೆಯ ಕಡೆ ನೋಡಲು ಯಾರಿಗೂ ಧೈರ್ಯ ಬರಲಿಲ್ಲ. ಚಾಪೆಯ ಮೇಲೆ ಕೂತಿದ್ದ ಮಾವ ಮಾತ್ರ ಎದ್ದು ನಿಂತು ಟಿವಿಗೆ ಉತ್ತರ ಕೊಟ್ಟರು:

“ಬಂದೆ ಕಣಮ್ಮಿ.”

ಅತ್ತೆ ಅವರ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು. ರಿಮೋಟು ತೆಗೆದುಕೊಂಡು ಚಿತ್ರವನ್ನು ಹಿಂದಕ್ಕೆ ಓಡಿಸಿದರು. ತಮ್ಮ ದನಿ ಮತ್ತೆ ಬಂದಾಗ, ಅದರ ಜೊತೆಜೊತೆಗೇ ತುಟಿ ಆಡಿಸುತ್ತ, ಬೆರಳು ತೋರಿಸುತ್ತ, ಗಂಡನನ್ನು ಮನಸಾರೆ ಬೈದರು.