ಸರೋವರದ ಮೇಲಿನ ಸರ್ಕಾರಿ ರಸ್ತೆ

ನಿಜ ಹೇಳುವ ಕಾಗದದಷ್ಟು ಅಪಾಯಕಾರಿಯಾದ ವಸ್ತು ಇನ್ನೊಂದಿಲ್ಲ ಎಂಬುದು ನನ್ನ ಈಚಿನ ತಿಳಿವಳಿಕೆ. ಸುಳ್ಳು ಹೇಳುವ ಕಾಗದದ ಜೊತೆ ನಾವು ಹುಟ್ಟಿದಂದಿನಿಂದ ಸಂಸಾರ ಮಾಡಿಕೊಂಡು ಬಂದವರು. ಬಸ್ಸಿನ ವೇಳಾಪಟ್ಟಿ, ಮದುವೆಯ ಕರೆಯೋಲೆಯಲ್ಲಿನ ಮುಹೂರ್ತ, ಹೋಟೆಲಿನ ಗೋಡೆಯ ಮೇಲಿನ 'ಶುದ್ಧ ತುಪ್ಪ', ಇವನ್ನೆಲ್ಲ ಎಷ್ಟು ನಂಬಬೇಕೋ ಅಷ್ಟೇ ನಂಬುವ ಹದ ನಮ್ಮ ಮೈಯಲ್ಲೇ ಇರುತ್ತದೆ. ಸ್ವೀಡನ್ನಿಗೆ ಬಂದ ಮೇಲೆ ಆ ಹದ ಕೆಟ್ಟುಹೋಯಿತು. ಇಲ್ಲಿ ಬಸ್ಸು ಬರೆದ ಹೊತ್ತಿಗೆ ಬರುತ್ತದೆ. ಕಸದ ಗಾಡಿ ಬರುತ್ತೇನೆಂದ ದಿನ ಬರುತ್ತದೆ. ಹೀಗೇ ಒಂದೆರಡು ವರ್ಷ ಕಳೆದರೆ ಮನುಷ್ಯ ಅಚ್ಚಾದದ್ದನ್ನೆಲ್ಲ ನಂಬತೊಡಗುತ್ತಾನೆ. ಆ ನಂಬಿಕೆ ನಮ್ಮ ಮನೆಯ ಇಬ್ಬರನ್ನು ಹೆಪ್ಪುಗಟ್ಟಿದ ಸರೋವರವೊಂದರ ಮೇಲೆ ಕರೆದುಕೊಂಡು ಹೋಯಿತು. ಅವರಿಬ್ಬರೂ ವಾಪಸ್ಸು ಬಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವತ್ತು ದಡದಲ್ಲಿ ನಿಂತಿದ್ದ ನನಗೆ ಮೊದಲೇ ಹೇಳುವವರು ಯಾರೂ ಇರಲಿಲ್ಲ.

ಉಮೆಯೊ ಊರಿನ ವಿಶ್ವವಿದ್ಯಾಲಯದಲ್ಲಿ ನಾನು ಗಿಡಗಳ ಬೇರಿನ ಮೇಲೆ ಸಂಶೋಧನೆ ಮಾಡುತ್ತೇನೆ. ನನ್ನ ಗಂಡ ಗಿರೀಶ ಸಾಫ್ಟ್‌ವೇರಿನ ಕೆಲಸದವರು. ಬೇರೆ ಗಂಡಸರಿಗೆ ಕ್ರಿಕೆಟ್ಟೋ ಷೇರು ಮಾರುಕಟ್ಟೆಯೋ ಇರುವ ಜಾಗದಲ್ಲಿ ಇವರಿಗೆ ಹಳೆಯ ಹೆದ್ದಾರಿ ನಕ್ಷೆಗಳಿವೆ. ಅದರಲ್ಲೂ ಸರ್ಕಾರವೇ ಅಚ್ಚು ಹಾಕಿಸಿದ ಮೊದಮೊದಲ ನಕ್ಷೆಗಳು. ಹಳೆ ಸಾಮಾನಿನ ಸಂತೆಗೆ ಬಾಣಲೆ ತರಲೆಂದು ಕಳಿಸಿದರೆ ನಕ್ಷೆ ತರುತ್ತಿದ್ದರು. ಅದನ್ನು ಊಟದ ಮೇಜಿನ ಮೇಲೆ ಹರಡಿ ಮೂಲೆಗೊಂದು ಲೋಟ ಇಡುತ್ತಿದ್ದರು. ಸಾರಿನ ಹನಿ ಬೀಳಬಾರದೆಂದು ನಾವು ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಉಣ್ಣುತ್ತಿದ್ದೆವು. ಉಣ್ಣುತ್ತಲೇ ಪಾಠ: ಮೊದಲೆಲ್ಲ ಸರ್ಕಾರ ರಸ್ತೆಯ ಪಕ್ಕ ರಾಜನ ಮುದ್ರೆಯ ಕಲ್ಲು ನೆಟ್ಟು ಸುಮ್ಮನಾಗುತ್ತಿತ್ತು, ದಾರಿ ಹುಡುಕುವುದು ಕುದುರೆಯ ಜವಾಬ್ದಾರಿ. ಆಮೇಲೆ ಸೈಕಲ್ಲಿನವರು, ಕಾರಿನ ಸಂಘದವರು ತಂತಮ್ಮ ಪಾಡಿಗೆ ನಕ್ಷೆ ಮಾಡಿಕೊಂಡರು. ಕಾರುಗಳು ಹೆಚ್ಚಿದ ಮೇಲೆ ಸರ್ಕಾರಕ್ಕೆ, ರಸ್ತೆ ಮಾಡುವವರು ನಾವು, ಅದು ಎಲ್ಲಿದೆಯೆಂದು ಹೇಳುವವರೂ ನಾವೇ ಆಗಬೇಕು ಅನ್ನಿಸಿತು. ದಪ್ಪ ಕೆಂಪು ಗೆರೆಯೆಂದರೆ ಸರ್ಕಾರ ನೋಡಿಕೊಳ್ಳುವ ರಸ್ತೆ, ಸಣ್ಣದೆಂದರೆ ಊರಿನವರ ಪಾಲಿನದು, ಪುಟ್ಟ ದೋಣಿಯ ಗುರುತಿದ್ದರೆ ಅಲ್ಲಿ ಕಾರನ್ನು ದಾಟಿಸುವ ದೋಣಿ. ಇಷ್ಟೆಲ್ಲ ಕೇಳುವಷ್ಟರಲ್ಲಿ ನನ್ನ ಅನ್ನ ತಣ್ಣಗಾಗಿರುತ್ತಿತ್ತು.

ಆ ವಸಂತದಲ್ಲಿ ನನ್ನ ಮಾವ, ಎಂದರೆ ಗಿರೀಶರ ತಂದೆ, ಹಾಸನದಿಂದ ಬಂದರು. ರಸ್ತೆ ಕೆಲಸದಲ್ಲೇ ತಲೆ ನರೆಸಿಕೊಂಡು ನಿವೃತ್ತರಾದ ಸರ್ಕಾರಿ ಎಂಜಿನಿಯರ್. ಈ ಮನೆಗೆ ವಿವೇಕ ಬಂತು ಎಂದು ನಾನು ಖುಷಿಪಟ್ಟೆ. ಅವರು ಮೇಜಿನ ಮುಂದೆ ಕುಳಿತು ಕನ್ನಡಕ ಒರೆಸಿಕೊಂಡು ನಕ್ಷೆಯ ಮೇಲೆ ಬಾಗಿದವರು ಏಳಲೇ ಇಲ್ಲ. ಆ ನಕ್ಷೆ ಸ್ವೀಡನ್ನಿನವರು ಇನ್ನೂ ರಸ್ತೆಯ ಎಡಕ್ಕೆ ಗಾಡಿ ಓಡಿಸುತ್ತಿದ್ದ ಕಾಲದ್ದು ಎಂದು ಗೊತ್ತಾದಾಗಲಂತೂ, "ನಮ್ಮ ಹಾಗೇ ಎಡಗಡೆ!" ಎಂದು ಅವರ ಕಣ್ಣು ಒದ್ದೆಯಾಯಿತು.

ಅದರಲ್ಲಿ ಒಂದು ಸರೋವರದ ನೀಲಿಯ ಮೇಲೆ ಕೆಂಪು ಚುಕ್ಕೆಗಳ ಸಾಲು ಇತ್ತು. ಮಾವ ನಿಘಂಟು ಹಿಡಿದು ಅರ್ಥ ಹುಡುಕಿದರು. ಚಳಿಗಾಲದ ರಸ್ತೆ.

"ಅಂದ್ರೆ ನೀರಿನ ಮೇಲೆ ರಸ್ತೆ ಏನೋ?" ಎಂದರು ಮಗನಿಗೆ.

"ಹೂಂ ಅಪ್ಪ. ಐಸ್ ದಪ್ಪ ಅಳೆದು, ಸ್ನೋ ತೆಗ್ದು, ಸರ್ಕಾರದೋರೇ ಗಾಡಿ ಬಿಡ್ತಿದ್ರು. ಈಗ್ಲೂ ಕೆಲವು ಕಡೆ ಬಿಡ್ತಾರೆ. ಈಸ್ಟರ್ ರಜಕ್ಕೆ ನಾವು ಬುಕ್ ಮಾಡಿರೋ ಕಾಟೇಜ್ ಅಲ್ಲೇ ಹತ್ರ."

"ಮಾವ, ಈ ನಕ್ಷೆ ತುಂಬ ಹಳೇದು," ಎಂದೆ.

"ಹಳೇದಾದ್ರೆ ಏನಮ್ಮ ವಾಣಿ, ಸರೋವರ ಎಲ್ಲಿಗೆ ಹೋಗುತ್ತೆ?"

"ಊರಲ್ಲಿ ನೀವೇ ಹೇಳ್ತಿದ್ರಲ್ಲ, ನಕ್ಷೇಲಿರೋ ರಸ್ತೆ ಬೇರೆ, ನೆಲದ ಮೇಲಿರೋದು ಬೇರೆ ಅಂತ."

"ನಮ್ಮ ಕಡೆ ನಾನು ಜೀಪಿಂದ ಇಳಿದು, ಕಾಲಲ್ಲಿ ಒದ್ದು ನೋಡಿ ಆಮೇಲೆ ಮುಂದಕ್ಕೆ ಹೋಗ್ತಿದ್ದೆ. ಯಾಕೆ ಹೇಳು? ಆ ನಕ್ಷೆ ಬರೆಸಿದೋನು ನಾನೇ!" ಎಂದು ನಕ್ಕರು. "ಇವ್ರು ಹಂಗಲ್ಲಮ್ಮ. ಬರೆದಿದ್ದಾರೆ ಅಂದ್ರೆ ಇದೆ."

ಆ ವರ್ಷ ಈಸ್ಟರ್ ತಡವಾಗಿ ಬಂದಿತ್ತು. ಮಧ್ಯಾಹ್ನದ ಬಿಸಿಲಿಗೆ ಕಾಟೇಜಿನ ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಚುಕ್ಕೆಸಾಲು ಶುರುವಾಗುವ ಜಾಗಕ್ಕೆ ಕಾರಿನಲ್ಲಿ ಹೋದೆವು. ನಿಜಕ್ಕೂ ಅಲ್ಲಿ ದಡದಿಂದ ಇಳಿಜಾರು ಇತ್ತು. ಹಿಮದ ಮೇಲೆ ಗಾಡಿ ಹೋದ ಗುರುತುಗಳಿದ್ದವು. ತುದಿಗೆ ಕೆಂಪು ಅಡ್ಡಪಟ್ಟಿ ಹೊಡೆದ ಕೋಲುಗಳು ಸಾಲಾಗಿ ಸರೋವರದ ಆಚೆ ದಡದವರೆಗೂ ನಿಂತಿದ್ದವು. ಅವು ಹಿಮದ ಮೇಲೆ ಓಡುವ ಸ್ಕೂಟರುಗಳಿಗೆಂದು ನೆಟ್ಟ ಕೋಲುಗಳೆಂದು, ಆ ಸ್ಕೂಟರು ನಮ್ಮ ಕಾರಿನ ಕಾಲು ಭಾಗವೂ ತೂಗುವುದಿಲ್ಲವೆಂದು ಆಮೇಲೆ ಗೊತ್ತಾಯಿತು. ಮಾವನಿಗೆ ಮಾತ್ರ ಅಲ್ಲಿ ಇಡೀ ಒಂದು ಇಲಾಖೆಯೇ ಕಂಡಿತು. "ನೋಡೋ, ಎಷ್ಟು ನೀಟಾಗಿ ಅಲೈನ್‌ಮೆಂಟ್ ಕೊಟ್ಟಿದ್ದಾರೆ!" ರಸ್ತೆ ಮುಚ್ಚಿದೆ ಎಂಬ ಫಲಕ ಇರಲಿಲ್ಲ. ಇಲ್ಲದ ರಸ್ತೆಯನ್ನು ಮುಚ್ಚಿದೆಯೆಂದು ಯಾರು ತಾನೇ ಬರೆದು ಹಾಕುತ್ತಾರೆ?

"ಬೇಡ ರೀ, ನೋಡಿದ್ದಾಯ್ತಲ್ಲ, ವಾಪಸ್ ಹೋಗೋಣ," ಎಂದೆ ಗಿರೀಶರಿಗೆ.

"ಒಂದು ರೌಂಡು ಅಷ್ಟೇ ಕಣೇ. ನೀನು ಇಳಿದು ವಿಡಿಯೋ ತೆಗಿ."

ಇಳಿದೆ. ಕ್ಯಾಮೆರಾ ಹಿಡಿದೆ. ಕಾರು ನಿಧಾನವಾಗಿ ಮಂಜುಗಡ್ಡೆಯ ಮೇಲೆ ಹೋಯಿತು. ಮಾವ ಕಿಟಕಿಯಿಂದ ಕೈ ಹೊರಹಾಕಿ, ಸೇತುವೆ ಉದ್ಘಾಟನೆಗೆ ಬಂದ ಮಂತ್ರಿಯಂತೆ ಬೀಸಿದರು. ಆಗ ಆ ಸದ್ದು ಬಂತು. ಒಡೆಯುವ ಸದ್ದಲ್ಲ. ತಗಡಿನ ಸೂರಿನ ಮೇಲೆ ಯಾರೋ ಭಾರದ ಸರಪಳಿಯನ್ನು ಈ ದಡದಿಂದ ಆ ದಡಕ್ಕೆ ಎಳೆದ ಹಾಗೆ. ನನ್ನ ಕಾಲಡಿಯ ನೆಲಕ್ಕೂ ಅದು ಗೊತ್ತಾಯಿತು. ಕಾರಿನ ಮೂತಿ ಬಗ್ಗಿತು. ಹೊಳೆಯೊಂದು ಬಂದು ಸೇರುವ ಆ ಮೂಲೆಯಲ್ಲಿ ಮಂಜುಗಡ್ಡೆ ಅಡಿಯಿಂದ ಸವೆದಿತ್ತು.

ಗಿರೀಶ ಬಾಗಿಲು ತಳ್ಳಿ ಹೊರಬಂದರು. ಮಾವನ ಕಡೆಯ ಬಾಗಿಲು ತೆರೆಯಲಿಲ್ಲ. ಆ ಹೊತ್ತು ಎಷ್ಟು ಉದ್ದವಿತ್ತೋ ನನಗೆ ತಿಳಿಯದು, ನನ್ನ ಪಾಲಿಗೆ ಅದು ಇನ್ನೂ ಮುಗಿದಿಲ್ಲ. ಮಗ ತಂದೆಯ ಕೋಟಿನ ಕಾಲರು ಹಿಡಿದು ಡ್ರೈವರ್ ಸೀಟಿನ ಮೇಲಿಂದ ಎಳೆದುಕೊಂಡರು. ಇಬ್ಬರೂ ಮಂಜುಗಡ್ಡೆಯ ಮೇಲೆ ಪಾದ ಮುಳುಗುವ ನೀರಿನಲ್ಲಿ ಎದ್ದುನಿಂತರು. ಮಂಕಿ ಕ್ಯಾಪಿನ ಮಾವ ಕಾರಿನ ಕಡೆ ತಿರುಗಿ ಏನೋ ಹುಡುಕುತ್ತಿದ್ದರು. ಅಷ್ಟರಲ್ಲಿ ನನ್ನ ಹಿಂದಿನಿಂದ ಒಬ್ಬ ಹೆಂಗಸು ನಾಯಿಯ ಜೊತೆ ಓಡಿಬಂದಳು. ಅಲ್ಲೇ ದಡದ ಮೇಲಿನ ಕಾಟೇಜಿಗೆ ರಜೆಗೆ ಬಂದವಳು, ರಾಜಧಾನಿಯ ಪಕ್ಕದ ಸೋಲ್ನಾ ಊರಿನಲ್ಲಿ ಯಾವುದೋ ಆಫೀಸಿನವಳಂತೆ. "ಲಿಗ್! ಲಿಗ್!" ಎಂದು ಕಿರುಚಿದಳು. ಮಲಗು ಎಂದರ್ಥ, ಭಾರ ಹರಡಿ ಮಂಜುಗಡ್ಡೆ ತಡೆಯಲೆಂದು. ಮೊದಲು ನಾಯಿ ಮಲಗಿತು. ಆಮೇಲೆ ನನಗೆ ಹೊಳೆಯಿತು.

"ಮಲ್ಕೊಳ್ಳಿ ಮಾವ! ಹೊಟ್ಟೆ ಮೇಲೆ ಮಲ್ಕೊಳ್ಳಿ!"

"ಇಲ್ಲೇನಮ್ಮಾ?" ಎಂದು ಕೇಳಿದರು.

ಮತ್ತೊಮ್ಮೆ ಸರಪಳಿ ಎಳೆದಂತಾಯಿತು.

"ಮಲ್ಕೋ ಅಂದ್ರೆ ಮಲ್ಕೋ!"

ಮದುವೆಯಾದಾಗಿನಿಂದ ಮಾವನ ಎದುರು ಕುರ್ಚಿಯ ಮೇಲೆ ಕೂರಲೂ ಹಿಂಜರಿಯುತ್ತಿದ್ದವಳು ನಾನು. ಅವರು ಥಟ್ಟನೆ ಮಲಗಿದರು. ಗಿರೀಶರೂ ಮಲಗಿದರು. ಹೆಂಗಸು ಕಾಟೇಜಿನಿಂದ ಏಣಿ ತಂದಳು. ನಾವಿಬ್ಬರೂ ಅದನ್ನು ಅವರತ್ತ ತಳ್ಳಿದೆವು. ತೆವಳುತ್ತಾ ಅದರ ತುದಿ ಹಿಡಿದವರನ್ನು ದಡಕ್ಕೆ ಎಳೆದುಕೊಂಡೆವು. ಅವರ ಹಿಂದೆ ಕಾರು ಯಾವ ಗಡಿಬಿಡಿಯೂ ಇಲ್ಲದೆ, ಸರದಿಯಲ್ಲಿ ನಿಂತು ತನ್ನ ಪಾಳಿ ಬಂದಂತೆ, ಕೆಳಗೆ ಹೋಯಿತು. ಅದರ ಜೊತೆ ನಕ್ಷೆಯೂ ಹೋಯಿತು. ಅದು ಒಂದಕ್ಷರ ಸುಳ್ಳು ಹೇಳಿರಲಿಲ್ಲ. ತನ್ನ ಕಾಲದ, ತನ್ನ ನಡುಚಳಿಗಾಲದ ಸತ್ಯವನ್ನು ಅಚ್ಚುಕಟ್ಟಾಗಿ ಹೇಳಿತ್ತು.

ಕಂಬಳಿ ಹೊದಿಸಿ ಕಾಫಿ ಕೊಟ್ಟ ಆ ಹೆಂಗಸು, ಅಲ್ಲಿಗೇಕೆ ಹೋದಿರಿ ಎಂದಳು. ಗಿರೀಶ ಹಲ್ಲು ಕಟಕಟಿಸುತ್ತಾ ಸರ್ಕಾರಿ ಹೆದ್ದಾರಿ ನಕ್ಷೆಗಳ ಚರಿತ್ರೆಯನ್ನು ಮೊದಲಿನಿಂದ ಶುರುಮಾಡಿದರು. ಆಕೆ ಸೌಜನ್ಯದಿಂದ ಪೂರ್ತಿ ಕೇಳಿ, "ಯಾಹಾ," ಎಂದಳು. ಓಹೋ ಹೌದಾ, ಎಂದು. ಮುಂದಿನ ವಾರ ಕಮ್ಯೂನಿನವರು, ಎಂದರೆ ಇಲ್ಲಿನ ನಗರಸಭೆಯಂಥವರು, ಕಾರನ್ನು ದಯವಿಟ್ಟು ಸರೋವರದಿಂದ ಎತ್ತಿಸಿ ಎಂದು ಅಷ್ಟೇ ಸೌಜನ್ಯದಿಂದ ಹೇಳಿದರು.

ಈಗ ಊಟದ ಮೇಜು ಖಾಲಿಯಿದೆ. ಕೂತು ಉಣ್ಣುತ್ತೇವೆ. ಫ್ರಿಜ್ಜಿನ ಐಸ್ ಟ್ರೇ ಚಿಟಿಲ್ ಎಂದರೆ ನನ್ನ ಕೈಯ ತುತ್ತು ನಿಲ್ಲುತ್ತದೆ. ಲ್ಯಾಬಿನಲ್ಲಿ ಬೇರು ಎಣಿಸುತ್ತಿರುವಾಗ ಆ ಮಧ್ಯಾಹ್ನ ಮತ್ತೆ ಮೊದಲಿನಿಂದ ನಡೆಯುತ್ತದೆ. ಕೆಲವು ಸಲ ಅದರಲ್ಲಿ ಬಾಗಿಲು ಯಾವ ಕಡೆಯದೂ ತೆರೆಯುವುದಿಲ್ಲ. ಕೆಲವು ಸಲ ಮಾವ, "ಇಲ್ಲೇನಮ್ಮಾ?" ಎಂದು ಕೇಳಿ, ನನ್ನ ಉತ್ತರಕ್ಕಾಗಿ ಕಾಯುತ್ತಾ ನಿಂತೇ ಇರುತ್ತಾರೆ.

ಅವರಂತೂ ಅಂದಿನಿಂದ ಇಲ್ಲಿದ್ದಷ್ಟು ದಿನ ನನ್ನನ್ನು ಕೇಳದೆ ಹೆಜ್ಜೆ ಎತ್ತಲಿಲ್ಲ. ಬೂಟು ಹಾಕಲೇ, ಲಿಫ್ಟು ಹತ್ತಲೇ, ಈ ಬೆಂಚಿನ ಮೇಲೆ ಕೂರಲೇ. ದಡದಲ್ಲಿ ಕೂಗಿದ ಸೊಸೆಗೆ ಎಲ್ಲ ಗೊತ್ತು ಎಂದು ನಂಬಿಬಿಟ್ಟಿದ್ದರು. ನನಗೆ ಗೊತ್ತಿದ್ದದ್ದು ನಾಯಿಗೆ ಗೊತ್ತಿದ್ದುದಕ್ಕಿಂತ ಕಡಿಮೆ ಎಂದು ಹೇಳಿದರೂ ಕೇಳಲಿಲ್ಲ. ಅವರು ಊರಿಗೆ ಹೊರಡುವ ಮುನ್ನ ಪೇಟೆಗೆ ಹೋಗಿದ್ದೆವು. ಹಿಮವೆಲ್ಲ ಕರಗಿ ಬಿಸಿಲು ಬಿದ್ದಿತ್ತು. ಸಿಗ್ನಲ್ಲಿನ ಹತ್ತಿರ ಗಿರೀಶ ಮುಂದೆ ರಸ್ತೆ ದಾಟಿಹೋದರು. ನಾವು ಬರುವಷ್ಟರಲ್ಲಿ ಕೆಂಪಾಗಿ, ಮತ್ತೆ ಹಸಿರು ದೀಪ ಬಂತು. ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ.

"ದಾಟ್ಲೇನಮ್ಮಾ?" ಎಂದರು ಮಾವ.

ದೀಪ ನೋಡಿದೆ. ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಒಣಗಿದ, ಗಟ್ಟಿಯಾದ ಟಾರು ರಸ್ತೆ. ಆದರೂ ಬೂಟಿನ ತುದಿಯಿಂದ ಅದನ್ನೊಮ್ಮೆ ಒತ್ತಿ ನೋಡಿದೆ. ನನ್ನ ಬಾಯಿಂದ 'ಹೂಂ' ಎಂಬ ಅಷ್ಟು ಸಣ್ಣ ಮಾತು ಹೊರಡಲಿಲ್ಲ. ಆಚೆಯಿಂದ ಗಿರೀಶ, "ಏನ್ ಮಾಡ್ತಿದ್ದೀರ ಇಬ್ರೂ, ಬನ್ನಿ!" ಎಂದು ಕೂಗುತ್ತಿದ್ದರು. ಹಸಿರು ಹೋಗಿ ಮತ್ತೆ ಕೆಂಪು ಬಂತು. ಮಾವ ನೆಮ್ಮದಿಯಿಂದ ತಲೆಯಾಡಿಸಿದರು. "ನೀನು ಸುಮ್ನಿದ್ದಿದ್ದು ಒಳ್ಳೇದಾಯ್ತು ನೋಡು," ಎಂದರು.